ಕಾಯಿಸಿದ ಹಾಲಿನಲ್ಲಿ ಕಳೆದುಹೋದ ಗೆರೆ

ಜೋಗೇಶ್ವರಿಯ ಎಮ್ಮೆ ಕೊಟ್ಟಿಗೆಯ, ಅಲ್ಲಿಯವರ ಮಾತಿನಲ್ಲಿ ತಬೇಲಾದ, ಭಯ್ಯಾ ನನ್ನನ್ನು ಅರೆಹುಚ್ಚಿ ಎಂದುಕೊಂಡಿದ್ದ. ಅವನ ತಪ್ಪೇನೂ ಇಲ್ಲ. ಬೆಳಗಿನ ಐದೂವರೆಗೆ ಎರಡು ಕ್ಯಾನು, ಐಸು ತುಂಬಿದ ಬಕೆಟ್ಟು ಹಿಡಿದುಕೊಂಡು ಬಂದು, "ಈಗಷ್ಟೇ ಕರೆದದ್ದು ಬೇಕು, ನನ್ನ ಕಣ್ಣೆದುರೇ ಕರೆಯಬೇಕು" ಎಂದು ಹಟ ಹಿಡಿಯುವ ಹೆಂಗಸನ್ನು ಅವನು ಇನ್ನೇನೆಂದುಕೊಂಡಾನು? "ಪಾನೀ ನಹೀ ಮಿಲಾಯಾ ಬೆಹೆನ್‌ಜೀ, ಮಾ ಕಸಮ್" ಎಂದು, ನೀರು ಬೆರೆಸಿಲ್ಲವೆಂದು ಪ್ರತಿ ಸಲವೂ ತಾಯಿಯ ಆಣೆ ಹಾಕುತ್ತಿದ್ದ. ನನಗೆ ಬೇಕಾಗಿದ್ದು ಹಾಲೇ ಅಲ್ಲ, ಹಾಲಿನೊಳಗೆ ಚೂರೇ ಚೂರು ಇರುವ ಒಂದು ಕಿಣ್ವ ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳಲಿ? ಕ್ಯಾನು ಹೊತ್ತು ಲೋಕಲ್ಲಿನ ಲೇಡೀಸ್ ಡಬ್ಬಿ ಹತ್ತಿದರೆ ಅಲ್ಲಿಯ ಹೆಂಗಸರು ಲೀಟರಿಗೆ ಎಷ್ಟು ಎಂದು ಕೇಳುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ನಾನು ದಹಿಸರ್‌ನಿಂದ ದಾದರ್ ಕಡೆಯ ಒಂದು ಪ್ರಯೋಗಾಲಯಕ್ಕೆ ಓಡಾಡುತ್ತಿದ್ದೆ. ನಮ್ಮ ಹುಡುಕಾಟದ ಕಿಣ್ವದ ಹೆಸರು ಲಿಪೋಪ್ರೋಟೀನ್ ಲೈಪೇಸ್. ಊಟದ ಕೊಬ್ಬು ರಕ್ತಕ್ಕೆ ಸೇರಿದ ಮೇಲೆ ಅದನ್ನು ಒಡೆದು ಮೈಗೆ ಹಂಚುವುದು ಇದರ ಕೆಲಸ. ಇದು ಕೈಕೊಟ್ಟರೆ ಕೊಬ್ಬು ರಕ್ತದಲ್ಲೇ ಉಳಿದುಬಿಡುತ್ತದೆ; ರಕ್ತ ಬೆಳ್ಳಗಾಗುತ್ತದೆ, ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಉರಿದು ಊದಿಕೊಳ್ಳುತ್ತದೆ. ಮನುಷ್ಯರಲ್ಲಿ ಈ ಲೈಪೇಸ್ ಇದೆಯೋ ಇಲ್ಲವೋ ಎಂದು ಪತ್ತೆ ಹಚ್ಚಲು ನಮಗೊಂದು ಪ್ರತಿಕಾಯ, ಆಂಟಿಬಾಡಿ ಬೇಕಾಗಿತ್ತು, ಅಂದರೆ ಸಾವಿರ ಪ್ರೋಟೀನುಗಳ ನಡುವೆ ಅದೊಂದನ್ನೇ ಗುರುತು ಹಿಡಿದು ಅಂಟಿಕೊಳ್ಳುವ ವಸ್ತು. ವಿದೇಶದಿಂದ ತರಿಸೋಣ ಎಂದರೆ ಆಗ ಯಾರೂ ಮಾರುತ್ತಿರಲಿಲ್ಲ. ನಾವೇ ಮಾಡಬೇಕಿತ್ತು: ಎಮ್ಮೆಹಾಲಿನ ಲೈಪೇಸನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ, ಮನುಷ್ಯರ ಲೈಪೇಸೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಅದಕ್ಕೂ ಅಂಟುತ್ತದೆ.

ಅವಸರಕ್ಕೆ ಕಾರಣ ಒಬ್ಬಳು ಹುಡುಗಿ. ಆಸ್ಪತ್ರೆಯ ಡಾಕ್ಟರು ಒಂದು ದಿನ ಜೇಬಿನಿಂದ ಒಂದು ಟ್ಯೂಬು ತೆಗೆದು ನಮ್ಮ ಮೇಜಿನ ಮೇಲಿಟ್ಟರು. ಕೆಳಗೆ ಕೆಂಪು ಕಣಗಳು, ಮೇಲೆ ಗಟ್ಟಿ ಬಿಳಿ. ನಾನು ಯಾರೋ ಹಾಲು ಬೆರೆಸಿದ್ದಾರೆ ಎಂದೇ ತಿಳಿದೆ. ಇಪ್ಪತ್ತು ವರ್ಷದ ಹುಡುಗಿಯ ರಕ್ತ, ಮೂರು ಸಲ ಹೊಟ್ಟೆನೋವಿನಿಂದ ಸಾಯುವ ಹಾಗಾಗಿ ಬಂದಿದ್ದಾಳೆ ಎಂದರು ಡಾಕ್ಟರು. ಅವರಿಗೆ ಬೇಕಾಗಿದ್ದು ಒಂದೇ ಉತ್ತರ. ಲೈಪೇಸ್ ಇಲ್ಲವೇ ಇಲ್ಲ ಎಂದಾದರೆ ಪಥ್ಯ ಬಿಟ್ಟು ಬೇರೆ ದಾರಿಯಿಲ್ಲ. ಲೈಪೇಸ್ ಇದ್ದೂ ಅದನ್ನು ಕೆಲಸಕ್ಕೆ ಎಬ್ಬಿಸುವ ಇನ್ನೊಂದು ಪ್ರೋಟೀನು ಇಲ್ಲ ಎಂದಾದರೆ, ಆ ಪ್ರೋಟೀನು ಆರೋಗ್ಯವಂತರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಧಾರಾಳ ಇರುತ್ತದೆ, ನೋವು ಬಂದಾಗ ಅದನ್ನು ಏರಿಸಬಹುದು. ಆದರೆ ಆಗ ರಕ್ತ ಏರಿಸುವುದೆಂದರೆ ಡಾಕ್ಟರುಗಳಿಗೇ ಎದೆ ನಡುಗುತ್ತಿತ್ತು; ಕಾಮಾಲೆ, ಮೇಲೆ ಹೊಸದಾಗಿ ಬಂದ ಆ ಏಡ್ಸ್ ರೋಗ. ಸುಮ್ಮನೆ ಕಣ್ಣುಮುಚ್ಚಿ ಏರಿಸುವ ಹಾಗಿರಲಿಲ್ಲ.

ಲೈಪೇಸಿನ ಚಟುವಟಿಕೆಯನ್ನೇ ನೇರ ಅಳೆಯಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ಅಳೆಯಬಹುದಿತ್ತು. ಅದಕ್ಕೆ ವಿಕಿರಣಶೀಲ ಕೊಬ್ಬು ಬೇಕು, ಅದರ ಅನುಮತಿಯ ಕಾಗದ ಯಾವುದೋ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತು. ಹಾಗಾಗಿ ಎಮ್ಮೆ, ಮೊಲ, ಮತ್ತು ನಾನು.

ಹಾಲು ಬಂದ ಕೂಡಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೆನೆ ತೆಗೆಯಬೇಕು. ಕೆನೆ ತೆಗೆದ ಹಾಲಿಗೆ ಹೆಪಾರಿನ್ ಎಂಬ ಔಷಧಿ ಅಂಟಿಸಿದ ಸಣ್ಣ ಮಣಿಗಳನ್ನು ಹಾಕಿ ಕೋಲ್ಡ್ ರೂಮಿನಲ್ಲಿ ಮೆಲ್ಲಗೆ ತಿರುವಬೇಕು. ಲೈಪೇಸ್ ಹೋಗಿ ಆ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಮಣಿಗಳನ್ನು ಗಾಜಿನ ಕೊಳವೆಗೆ ತುಂಬಿ, ಮೊದಲು ತೆಳು ಉಪ್ಪುನೀರಿನಿಂದ ತೊಳೆದು, ಕೊನೆಗೆ ಗಟ್ಟಿ ಉಪ್ಪುನೀರು ಬಿಟ್ಟರೆ ಲೈಪೇಸ್ ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಹೇಳುವಾಗ ಸಲೀಸು. ಕೋಲ್ಡ್ ರೂಮಿನಲ್ಲಿ ಎರಡು ಸ್ವೆಟರು, ತಲೆಗೆ ಮಫ್ಲರು. ಹೊರಗೆ ಬಂದರೆ ಮುಂಬೈಯ ಬೆವರು. ಎಂಟು ಲೀಟರು ಹಾಲಿಗೆ ಸಿಗುತ್ತಿದ್ದದ್ದು ಎರಡು ಮೂರು ಮಿಲಿಗ್ರಾಂ. ಅದೂ ಒಂದು ದಿನ ಕರೆಂಟು ಹೋಯಿತೆಂದರೆ ಸತ್ತುಹೋಗುತ್ತಿತ್ತು. ಮೊದಲ ಮೂರು ಸಲದ್ದು ಹಾಗೇ ಮಣ್ಣುಪಾಲಾಯಿತು. ನಾಲ್ಕನೆಯ ಸಲ ಸಿಕ್ಕಾಗ ನಾನು ಕೋಲ್ಡ್ ರೂಮಿನಲ್ಲೇ ಒಬ್ಬಳೇ ನಿಂತು ಕುಣಿದೆ.

ಅದನ್ನು ಎಣ್ಣೆಯಂಥ ಒಂದು ದ್ರವದ ಜೊತೆ ಕಡೆದು ಮೊಲಕ್ಕೆ ಚುಚ್ಚಬೇಕು. ಎರಡು ಸಿರಿಂಜುಗಳನ್ನು ಮೂತಿಗೆ ಮೂತಿ ಜೋಡಿಸಿ, ಆಚೆಯಿಂದ ಈಚೆ, ಈಚೆಯಿಂದ ಆಚೆ ತಳ್ಳುತ್ತಾ ಕೂರುವುದು. ಒಂದು ಹನಿ ನೀರಿಗೆ ಬಿಟ್ಟರೆ ಹರಡದೆ ಮುತ್ತಿನಂತೆ ನಿಲ್ಲಬೇಕು, ಆಗ ಹದ. ಹೆಬ್ಬೆರಳು ಬಾತುಹೋಗುತ್ತಿತ್ತು. ಇದ್ದದ್ದು ಎರಡು ಮೊಲ. ಎರಡನೆಯ ಚುಚ್ಚುಮದ್ದು ಆದ ವಾರ ಒಂದು ಸತ್ತಿತು. ಉಳಿದದ್ದಕ್ಕೆ ಮೂರು ವಾರಕ್ಕೊಮ್ಮೆ ಚುಚ್ಚಿ, ಕಿವಿಯ ನರದಿಂದ ರಕ್ತ ತೆಗೆದು ನೋಡುವುದು. ಅಗಾರ್ ತಟ್ಟೆಯಲ್ಲಿ ಒಂದು ಕುಳಿಯಲ್ಲಿ ಲೈಪೇಸ್, ಪಕ್ಕದ ಕುಳಿಯಲ್ಲಿ ಮೊಲದ ಸೀರಂ, ಅಂದರೆ ರಕ್ತದ ತಿಳಿ, ಹಾಕಿ ಎರಡು ದಿನ ಬಿಟ್ಟರೆ, ಪ್ರತಿಕಾಯ ಹುಟ್ಟಿದ್ದರೆ ನಡುವೆ ಬಿಳಿ ಕಮಾನು ಮೂಡುತ್ತದೆ. ನಾಲ್ಕನೆಯ ತಿಂಗಳಿಗೆ ಮೂಡಿತು. ಅಯ್ಯೋ, ಆ ಕಮಾನು ತೋರಿಸಲು ಇಡೀ ಕಾರಿಡಾರಿನವರನ್ನು ಕರೆದುಬಿಟ್ಟಿದ್ದೆ!

ಆಮೇಲೆ ಶುರುವಾಯಿತು ನಿಜವಾದ ಗೋಳು. ರಕ್ತದಲ್ಲಿ ಲೈಪೇಸನ್ನು ಕಣ್ಣಿಗೆ ಕಾಣಿಸಬೇಕಾದರೆ, ರಕ್ತದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಓಡಿಸಿ ಗಾತ್ರದ ಪ್ರಕಾರ ಬೇರೆ ಮಾಡಿ, ಅಲ್ಲಿಂದ ಒಂದು ಬಿಳಿ ಕಾಗದಕ್ಕೆ ಇಳಿಸಬೇಕು. ಕಾಗದದ ಖಾಲಿ ಜಾಗಕ್ಕೆ ಪ್ರತಿಕಾಯ ಸುಮ್ಮನೆ ಹೋಗಿ ಅಂಟದಂತೆ ಬೇರೊಂದು ಪ್ರೋಟೀನನ್ನು ಬಳಿದು ಮುಚ್ಚಬೇಕು. ಆಮೇಲೆ ಪ್ರತಿಕಾಯದಲ್ಲಿ ನೆನೆಸಿ, ತೊಳೆದು, ಬಣ್ಣ ಬರಿಸಿದರೆ ಲೈಪೇಸ್ ಇರುವಲ್ಲಿ ಕಂದು ಗೆರೆ. ನಾನು ಜೆಲಟಿನ್ ಬಳಿಯುತ್ತಿದ್ದೆ. ಗೆರೆ ಎಲ್ಲಿ ಬಂತು? ಇಡೀ ಕಾಗದವೇ ಚಹಾ ಸೋಸಿದ ಬಟ್ಟೆಯಂತೆ ಕಂದಾಗುತ್ತಿತ್ತು. ಮೊಲಕ್ಕೆ ಚುಚ್ಚಿದ ಲೈಪೇಸಿನ ಜೊತೆ ಹಾಲಿನ ಬೇರೆ ಪ್ರೋಟೀನುಗಳೂ ಅಷ್ಟಿಷ್ಟು ಹೋಗಿದ್ದವು; ಪಾಪದ ಮೊಲ, ಅವಕ್ಕೂ ಪ್ರತಿಕಾಯ ಮಾಡಿಕೊಟ್ಟಿತ್ತು. ಆ ಕಸದ ಪ್ರತಿಕಾಯಗಳು ಸಿಕ್ಕಸಿಕ್ಕಲ್ಲಿ ಅಂಟುತ್ತಿದ್ದವು. ಎರಡು ತಿಂಗಳು ಹೀಗೇ ಹೋಯಿತು. ನನ್ನ ಗೈಡು ಮೇಡಂ ಬೆಂಗಳೂರಿನವರು, ಮುಂಬೈಗೆ ಬಂದು ಇಪ್ಪತ್ತು ವರ್ಷವಾದ ಗಟ್ಟಿ ಹೆಂಗಸು. "ಏನಮ್ಮ ಇದು, ಕಾಗದಕ್ಕೆ ಕಷಾಯ ಕುಡಿಸಿದ್ದೀಯಾ?" ಎನ್ನುತ್ತಿದ್ದರು.

ಆಗ ನನಗೆ ಹೊಳೆದ ಉಪಾಯವೇ ಈ ಕತೆಯ ಪಾಪ. ಹೊರದೇಶದವರು ಕಾಗದ ಮುಚ್ಚಲು ಹಾಲಿನ ಪುಡಿ ಬಳಸುತ್ತಾರೆಂದು ಓದಿದ್ದೆ. ಹಾಲಿನ ಪ್ರೋಟೀನಿಗೆ ಅಂಟುವ ಕಸದ ಪ್ರತಿಕಾಯಗಳನ್ನು ಹಾಲಿನಲ್ಲೇ ನೆನೆಸಿಟ್ಟರೆ ಅವೆಲ್ಲ ಹಾಲಿಗೇ ಅಂಟಿಕೊಂಡು ತೆಪ್ಪಗಾಗುವುದಿಲ್ಲವೇ? ನಮ್ಮ ಅಂಗಡಿಯ ಪುಡಿಯಲ್ಲಿ ಸಕ್ಕರೆ ಬೆರೆತಿರುತ್ತಿತ್ತು, ಅದು ಬೇಡ. ತಬೇಲಾದ ಹಾಲು ಹೇಗೂ ಉಳಿಯುತ್ತಿತ್ತು.

"ಹಾಲಲ್ಲಿ ಲೈಪೇಸೂ ಇರುತ್ತಲ್ಲಮ್ಮ, ನಮ್ಮ ಆಂಟಿಬಾಡೀನೂ ಅದಕ್ಕೇ ಹೋದ್ರೆ?" ಎಂದರು ಮೇಡಂ. ಸರಿಯಾದ ಪ್ರಶ್ನೆ.

"ಕಾಯಿಸಿಬಿಡ್ತೀನಿ ಮೇಡಂ. ಕಾಯಿಸಿದ ಹಾಲಲ್ಲಿ ಎಂಥ ಲೈಪೇಸು? ಸತ್ತೇ ಹೋಗಿರುತ್ತೆ," ಎಂದೆ.

ನಾವಿಬ್ಬರೂ ಹಾಲನ್ನು ಕಾಯಿಸದೆ ಬಾಯಿಗಿಡದ ಮನೆಗಳಿಂದ ಬಂದವರು. ಕಾಯಿಸಿದರೆ ಹಾಲಿನ ದೋಷವೆಲ್ಲ ಹೋಯಿತು ಎಂಬುದು ಹುಟ್ಟಿದಂದಿನಿಂದ ಕೇಳಿದ ಮಾತು. ಮೇಡಂ ಒಂದು ಕ್ಷಣ ಯೋಚಿಸಿ, "ಅದೂ ಸರಿ ಅನ್ನು," ಎಂದರು. ನಾನು ಹಾಟ್‌ಪ್ಲೇಟಿನ ಮೇಲೆ ಬೀಕರಿನಲ್ಲಿ ಹಾಲು ಮೂರು ಸಲ ಉಕ್ಕಿಸಿ, ಕೆನೆ ತೆಗೆದು, ಆರಿಸಿ, ಅದರಲ್ಲಿ ಕಾಗದವನ್ನೂ ಅದ್ದಿದೆ, ಮೊಲದ ಸೀರಮ್ಮನ್ನೂ ಬೆರೆಸಿ ಒಂದು ದಿನ ಇಟ್ಟೆ. ಕಾಗದ ಬೆಳ್ಳಗೆ ಬಂತು. ನನ್ನದೇ ರಕ್ತ ಹಾಕಿದ್ದ ಜಾಗದಲ್ಲಿ ಒಂದೇ ಒಂದು ಗೆರೆ, ತೆಳುವಾಗಿ, ಇರಬೇಕಾದ ಎತ್ತರದಲ್ಲಿ.

"ಭಲೇ ಮೈಸೂರು ಹುಡುಗಿ!" ಎಂದು ಮೇಡಂ ಬೆನ್ನು ತಟ್ಟಿದರು. ಗೆರೆ ಯಾಕೆ ಅಷ್ಟು ತೆಳು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎರಡು ತಿಂಗಳು ಕೊಳೆ ನೋಡಿ ನೋಡಿ ನಮಗೆ ಬಿಳಿ ಕಂಡರೆ ಸಾಕಾಗಿತ್ತು.

ಹುಡುಗಿಯನ್ನು ಕರೆಸಿದರು. ಲೈಪೇಸ್ ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತದೆ. ಹೆಪಾರಿನ್ ಚುಚ್ಚಿದರೆ ಬಿಟ್ಟುಕೊಂಡು ರಕ್ತಕ್ಕೆ ಬರುತ್ತದೆ. ಡಾಕ್ಟರು ಚುಚ್ಚಿದರು, ಹತ್ತು ನಿಮಿಷ ಬಿಟ್ಟು ನಾನು ರಕ್ತ ತೆಗೆದುಕೊಂಡೆ. ತೆಳ್ಳಗಿನ, ಕಣ್ಣಲ್ಲೇ ನಗುವ ಹುಡುಗಿ. ಅಪ್ಪ ಅಂಧೇರಿಯ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಮನೆ ಜೋಗೇಶ್ವರಿಯ ಚಾಳಿನಲ್ಲಿ. ಇವಳು ಅಲ್ಲೇ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದಳು.

"ಎಂತ ಅಕ್ಕ, ಎಷ್ಟು ತೆಗಿತೀರಿ? ಮಾರ್ಲಿಕ್ಕುಂಟಾ?" ಎಂದಳು.

"ಮಾರೋಕೆ ಅಲ್ಲಮ್ಮ, ನೋಡೋಕೆ."

"ನೋಡಿ ನೋಡಿ. ನನ್ನ ರಕ್ತದಲ್ಲಿ ಹಾಲುಂಟಂತೆ. ಡೇರಿ ಅಂಗಡಿ ಖೋಲುವ ಹೇಳಿ ಅಪ್ಪ ತಮಾಷೆ ಮಾಡ್ತಾರೆ."

ಅವಳ ರಕ್ತದ ಮೇಲಿನ ಕೆನೆಯನ್ನು ತಿರುಗಿಸಿ ತೆಗೆದು, ಉಳಿದದ್ದನ್ನು ಜೆಲ್‌ಗೆ ಹಾಕಿದೆ. ಪಕ್ಕದಲ್ಲಿ ನನ್ನದು, ಮೇಡಂ ಅವರದು. ನಮ್ಮಿಬ್ಬರಲ್ಲೂ ಗೆರೆ. ಅವಳ ಜಾಗ ಖಾಲಿ. ಮೂರು ಸಲ ಮಾಡಿದೆ, ಮೂರು ಸಲವೂ ಖಾಲಿ. ಲೈಪೇಸ್ ಪ್ರೋಟೀನು ಕಂಡುಬಂದಿಲ್ಲ ಎಂದು ವರದಿ ಟೈಪು ಮಾಡಿದೆ. ಕೆಳಗೆ ನನ್ನ ಸಹಿ, ಅದರ ಕೆಳಗೆ ಮೇಡಂ ಸಹಿ. ಡಾಕ್ಟರು ಪ್ಲಾಸ್ಮಾದ ವಿಚಾರ ಕೈಬಿಟ್ಟು ಪಥ್ಯ ಬರೆದುಕೊಟ್ಟರು: ಎಣ್ಣೆ, ತುಪ್ಪ, ತೆಂಗಿನಕಾಯಿ, ಹಾಲು ಎಲ್ಲ ಬಂದ್. ಕರಾವಳಿಯ ಮನೆಗೆ ತೆಂಗಿನಕಾಯಿ ಬಂದ್ ಎಂದರೆ ಏನು ಉಳಿಯಿತು? ಗಂಜಿ, ಉಪ್ಪು, ಬೇಯಿಸಿದ ತರಕಾರಿ.

ಎಂಟು ತಿಂಗಳು ಅವಳು ಅದನ್ನೇ ತಿಂದಳು. ಆದರೂ ತಿಂಗಳಿಗೊಮ್ಮೆ ಬಂದಾಗ ಟ್ಯೂಬು ಬೆಳ್ಳಗೇ ಇರುತ್ತಿತ್ತು. ಮೊದಲಿನಷ್ಟು ಗಟ್ಟಿ ಇರುತ್ತಿರಲಿಲ್ಲ, ಆದರೆ ಬಿಳುಪು ಬಿಳುಪೇ. ನಡುವೆ ಒಮ್ಮೆ ನೋವು ಬಂದು ಆಸ್ಪತ್ರೆಗೂ ಸೇರಿದ್ದಳು. ಡಾಕ್ಟರ ಮುಖ ಗಂಟಾಯಿತು. ಕೊಬ್ಬೇ ತಿನ್ನದಿದ್ದರೆ ರಕ್ತಕ್ಕೆ ಕೊಬ್ಬು ಎಲ್ಲಿಂದ ಬರುತ್ತದೆ, ಇವಳು ಚೋರಿ-ಛುಪೇ, ಕದ್ದುಮುಚ್ಚಿ ತಿನ್ನುತ್ತಾಳೆ ಎಂದರು. ನನಗೂ ಹಾಗೇ ಅನ್ನಿಸಿತು. ಅನ್ನಿಸಿದ್ದು ಮನಸ್ಸಿನಲ್ಲೇ ಇಟ್ಟುಕೊಳ್ಳಬಾರದಿತ್ತೇ? ನನ್ನ ಬಾಯಿಗೆ ಬೀಗವಿಲ್ಲ.

"ನಿಜ ಹೇಳಮ್ಮ," ಎಂದೆ, ಅವಳ ತೋಳಿಗೆ ಹತ್ತಿ ಒತ್ತುತ್ತಾ. ಅವಳ ತಾಯಿ ಪಕ್ಕದಲ್ಲೇ ನಿಂತಿದ್ದರು. "ಎಲ್ಲಾದ್ರೂ ವಡಾಪಾವ್ ಗಿಡಾಪಾವ್ ತಿಂತಿದ್ದೀಯಾ?"

"ಇಲ್ಲ ಅಕ್ಕ. ದೇವರಾಣೆ."

"ಟ್ಯೂಬು ಸುಳ್ಳು ಹೇಳಲ್ಲ ನೋಡು."

"ಹಾಗಾದ್ರೆ ನಾನು ಹೇಳುದು ಸುಳ್ಳಾ?"

ನಾನು ಅವಳ ತಾಯಿಯ ಕಡೆ ನೋಡಿದೆ. ಆ ನೋಟದ ಅರ್ಥ ತಾಯಿಗೂ ಆಯಿತು, ಮಗಳಿಗೂ ಆಯಿತು. ಅವತ್ತಿನಿಂದ ಆ ಹುಡುಗಿ ನನ್ನ ಹತ್ತಿರ ತಮಾಷೆ ಮಾಡುವುದನ್ನು ನಿಲ್ಲಿಸಿದಳು. ಬರುವುದು, ತೋಳು ಚಾಚುವುದು, ಹೋಗುವುದು.

ಮೇ ತಿಂಗಳು. ನಮ್ಮ ಲೇಖನ ಆಗಲೇ ಒಂದು ಪತ್ರಿಕೆಗೆ ಹೋಗಿತ್ತು. ಮುಂದಿನ ತಿಂಗಳ ಸಮ್ಮೇಳನದಲ್ಲಿ ಮೇಡಂ ಅದನ್ನೇ ಓದುವವರಿದ್ದರು. ತೋರಿಸುವುದಕ್ಕೆ ಇನ್ನೂ ಚೆಂದದ ಚಿತ್ರ ಬೇಕು, ಫ್ರೀಜರಿನಲ್ಲಿರುವ ಸ್ಯಾಂಪಲ್ಲುಗಳನ್ನೇ ಮತ್ತೊಮ್ಮೆ ಓಡಿಸು ಎಂದರು. ಜೆಲ್ ಓಡಿಸಿ ಕಾಗದಕ್ಕೆ ಇಳಿಸಿದ್ದೂ ಆಯಿತು. ಹಾಲು ಕಾಯಿಸಲು ಇಟ್ಟೆ, ಒಡೆದುಹೋಯಿತು. ಆ ಸೆಕೆಗೆ ಒಡೆಯದೆ ಇನ್ನೇನು! ಒದ್ದೆ ಕಾಗದ ಕೈಯಲ್ಲಿದೆ, ಬೇರೆ ಹಾಲಿಲ್ಲ. ಬೈದುಕೊಂಡು ಕಪಾಟಿನಿಂದ ಹಳೆಯ ಜೆಲಟಿನ್ ಡಬ್ಬಿ ತೆಗೆದೆ. ಹಾಲು ತೋರಿಸದ ಮೊಲದ ಸೀರಂ ಸ್ವಲ್ಪ ಉಳಿದಿತ್ತು, ಅದನ್ನೇ ಹಾಕಿದೆ.

ಕಾಗದ ನಿರೀಕ್ಷೆಯಂತೆಯೇ ಗಲೀಜಾಗಿ ಬಂತು. ಬಿಸಾಡುವುದಕ್ಕೆ ಹೋದವಳು ಕಿಟಕಿಯ ಬೆಳಕಿಗೆ ಒಮ್ಮೆ ಹಿಡಿದು ನೋಡಿದೆ. ಕಂದು ಕೊಳೆಯ ನಡುವೆ ನನ್ನ ಗೆರೆ ಹಿಂದೆಂದೂ ಇಲ್ಲದಷ್ಟು ದಪ್ಪಗಿತ್ತು. ಮೇಡಂ ಅವರದೂ. ಹುಡುಗಿಯ ಜಾಗದಲ್ಲಿ, ಅದೇ ಎತ್ತರದಲ್ಲಿ, ಒಂದು ಗೆರೆ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಕೂತಲ್ಲೇ ಎಲ್ಲ ಅರ್ಥವಾಯಿತು. ಕಾಯಿಸಿದರೆ ಲೈಪೇಸ್ ಸಾಯುತ್ತದೆ, ನಿಜ. ಆದರೆ ಪ್ರತಿಕಾಯಕ್ಕೆ ಅದು ಬದುಕಿದೆಯೋ ಸತ್ತಿದೆಯೋ ಎಂಬುದು ಬೇಕೇ ಇಲ್ಲ, ಹೆಣಕ್ಕೂ ಅಂಟಿಕೊಳ್ಳುತ್ತದೆ. ಜೆಲ್‌ಗೆ ಹಾಕುವ ಮೊದಲು ಪ್ರತಿ ಸ್ಯಾಂಪಲ್ಲನ್ನೂ ನಾನೇ ಕುದಿಯುವ ನೀರಿನಲ್ಲಿ ಮೂರು ನಿಮಿಷ ಇಡುತ್ತಿದ್ದೆನಲ್ಲ! ಕಾಗದದ ಮೇಲೆ ಎಂಟು ತಿಂಗಳಿಂದ ಹುಡುಕುತ್ತಿದ್ದದ್ದೇ ಸತ್ತ ಲೈಪೇಸನ್ನು. ಹಾಲಿನಲ್ಲಿದ್ದ ಸತ್ತ ಲೈಪೇಸ್ ನಮ್ಮ ಪ್ರತಿಕಾಯದ ಬಹುಪಾಲನ್ನು ಮೊದಲೇ ನುಂಗಿ ಹಾಕಿತ್ತು. ಕಸದ ಜೊತೆ ಕಾಳನ್ನೂ ಗುಡಿಸಿ ಹಾಕಿದ್ದೆ. ಉಳಿದ ಚೂರು ಪ್ರತಿಕಾಯ ನಮ್ಮಂಥ ಗಟ್ಟಿಮುಟ್ಟಾದವರ ಗೆರೆಯನ್ನು ತೆಳುವಾಗಿ ತೋರಿಸುತ್ತಿತ್ತು. ಅವಳ ರಕ್ತದ ಕೆನೆ ತೆಗೆಯುವಾಗ ಅದರ ಜೊತೆ ಒಂದಿಷ್ಟು ಲೈಪೇಸೂ ಹೋಗುತ್ತಿತ್ತು. ಉಳಿದ ಸ್ವಲ್ಪ ಕಾಣಲೇ ಇಲ್ಲ. ಎಂಥ ದಡ್ಡಿ ನಾನು, ಎಂಥ ದಡ್ಡಿ!

ಆದರೂ ಬರೀ ಒಂದು ಕೊಳಕು ಕಾಗದ ಹಿಡಿದು ಯಾರ ಹತ್ತಿರ ಹೋಗಲಿ? ಮರುದಿನ ಹಾಲಿನ ಲೈಪೇಸನ್ನೇ ತೆಳು ಮಾಡುತ್ತಾ ಆರು ಹಂತ ಮಾಡಿ, ಜೆಲ್ ಓಡಿಸದೆ ನೇರವಾಗಿ ಎರಡು ಕಾಗದದ ಪಟ್ಟಿಗಳ ಮೇಲೆ ತೊಟ್ಟಿಕ್ಕಿದೆ. ಒಂದಕ್ಕೆ ಕಾಯಿಸಿದ ಹಾಲಿನಲ್ಲಿ ಹಿಂದೆಯೇ ನೆನೆಸಿಟ್ಟಿದ್ದ ಸೀರಂ, ಇನ್ನೊಂದಕ್ಕೆ ನೆನೆಯದ್ದು. ಹಾಲಿನ ಪಟ್ಟಿಯಲ್ಲಿ ಎರಡನೆಯ ಹಂತಕ್ಕೇ ಕಂದು ಕಲೆ ಮಾಯ. ಇನ್ನೊಂದರಲ್ಲಿ ಆರನೆಯದೂ ಕಾಣುತ್ತಿತ್ತು. ಪಟ್ಟಿಗಳನ್ನು ತೊಳೆಯುತ್ತಿದ್ದಾಗಲೇ ಡಾಕ್ಟರ ಫೋನು ಬಂತು. ಹುಡುಗಿ ನಿನ್ನೆ ಮತ್ತೆ ಸೇರಿದ್ದಾಳೆ, ಈ ಸಲ ಬಹಳ ಜೋರಾಗಿದೆ, ರಕ್ತದೊತ್ತಡ ಇಳಿಯುತ್ತಿದೆ, ನಿಮಗೆ ಸ್ಯಾಂಪಲ್ ಬೇಕಿದ್ದರೆ ಯಾರನ್ನಾದರೂ ಕಳಿಸಿ ಎಂದರು.

ಪಟ್ಟಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೇಡಂ ಕೋಣೆಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಅವರು ಕೇಳಿದರು. ಕಾಗದವನ್ನು ಬೆಳಕಿಗೆ ಹಿಡಿದರು.

"ಇದು ಡರ್ಟ್ ಇರಬಹುದಲ್ವಾ?"

"ಇರಬಹುದು ಮೇಡಂ."

"ಹೊಸ ಸ್ಯಾಂಪಲ್ ತಗೊಂಡು ಮೂರು ಸಲ ರಿಪೀಟ್ ಮಾಡು. ಆಮೇಲೆ ನೋಡೋಣ. ಏನೂ ಇಲ್ಲ ಅಂತಾನೂ ನಾನು ಹೇಳ್ತಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಮೂರು ಸಲ ಮಾಡುವುದೆಂದರೆ ಒಂಬತ್ತು ದಿನ. ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. ಕಾಲು ಅವರ ಮೇಲೆ, ಮುಕ್ಕಾಲು ನನ್ನ ಮೇಲೆ.

"ಒಂಬತ್ತು ದಿನ ಅವಳು ಇರ್ತಾಳಾ ಮೇಡಂ? ಲೈಪೇಸ್ ಇದೆ ಅಂತ ನಾನು ಹೇಳ್ತಿಲ್ಲ. ಇಲ್ಲ ಅಂತ ಹೇಳಿದ್ದು ತಪ್ಪು ಅಂತಿದ್ದೀನಿ. ಡಾಕ್ಟರು ನಮ್ಮ ಕಾಗದ ನೋಡಿಕೊಂಡು ಕೈಕಟ್ಟಿ ಕೂತಿದ್ದಾರೆ. ಅವರ ಕೈ ಬಿಡಿಸಬೇಕಲ್ಲ, ಇವತ್ತೇ."

"ಪೇಪರು ಹೋಗಿದೆ ಕಣೆ. ಕಾನ್ಫರೆನ್ಸಿಗೆ ಹೆಸರು ಅಚ್ಚಾಗಿದೆ. ನಿನ್ನ ಸಹಿ ಇರೋ ರಿಪೋರ್ಟನ್ನ ನೀನೇ ಹರೀತೀಯಾ?"

"ಹೂಂ."

ಅವರು ಮತ್ತೆ ಪಟ್ಟಿಗಳನ್ನು ಎತ್ತಿಕೊಂಡರು. ಒಂದರ ಪಕ್ಕ ಒಂದಿಟ್ಟು, ಹಂತ ಎಣಿಸಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಆಂಟಿಬಾಡೀನೂ ಅದಕ್ಕೇ ಹೋದ್ರೆ ಅಂತ ನಾನು ಕೇಳಿದ್ದೆ. ಕೇಳಿ ಬಿಟ್ಟುಬಿಟ್ಟೆ," ಎಂದರು. ಆಮೇಲೆ ತಾವೇ ಟೈಪ್‌ರೈಟರಿಗೆ ಕಾಗದ ತೂರಿಸಿದರು. ಪರೀಕ್ಷೆಯ ವಿಧಾನದಲ್ಲಿ ದೋಷ ಕಂಡಿರುವುದರಿಂದ ಹಿಂದಿನ ವರದಿಯನ್ನು ಹಿಂತೆಗೆದುಕೊಂಡಿದ್ದೇವೆ, ಲೈಪೇಸ್ ಇರುವ ಸಾಧ್ಯತೆಯಿದೆ. ಎರಡು ಸಾಲು. ಈ ಸಲ ಅವರ ಸಹಿ ಮೇಲಿತ್ತು. ಅದಾದ ಮೇಲೆ ಒಂದು ತಿಂಗಳು ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ಮಾತು.

ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದೆ. ಡಾಕ್ಟರು ಕಾಗದ ಓದಿ ನನ್ನ ಮುಖ ನೋಡಿದ ರೀತಿಯನ್ನು ಬರೆಯಲು ಮನಸ್ಸಿಲ್ಲ. "ಆಠ್ ಮಹೀನೇ ಬಾದ್?" ಎಂದರು, ಎಂಟು ತಿಂಗಳಾದ ಮೇಲೆಯೇ ಎಂದು. ಅಷ್ಟೇ. ಅವರು ಬ್ಲಡ್ ಬ್ಯಾಂಕಿಗೆ ಫೋನು ಮಾಡಿ, ಹುಡುಗಿಯ ಅಪ್ಪನನ್ನು ಕರೆದು ಪ್ಲಾಸ್ಮಾದಿಂದ ಆಗಬಹುದಾದ ಅಪಾಯಗಳನ್ನೆಲ್ಲ ಹೇಳಿದರು. ಅಡುಗೆಯವರು ಕೈಮುಗಿದು, "ಎಂತದಾದ್ರೂ ಮಾಡಿ," ಎಂದರು. ಸಂಜೆಯೊಳಗೆ ಎರಡು ಚೀಲ ಏರಿತು.

ಮರುದಿನ ಬೆಳಿಗ್ಗೆ ತೆಗೆದ ಟ್ಯೂಬನ್ನು ನಾನು ಕಿಟಕಿಗೆ ಹಿಡಿದೆ. ಬಿಳಿ ತೆಳುವಾಗಿತ್ತು, ಆಚೆ ಬದಿಯ ನನ್ನ ಬೆರಳು ಮಸುಕಾಗಿ ಕಂಡಿತು. ಮೂರನೆಯ ದಿನ ಹುಲ್ಲಿನ ಬಣ್ಣದ ಸ್ವಚ್ಛ ಸೀರಂ. ಲೈಪೇಸ್ ಇತ್ತು, ಅದನ್ನು ಎಬ್ಬಿಸುವವರು ಇರಲಿಲ್ಲ, ಅಷ್ಟೇ. ನೋವು ಇಳಿಯಿತು. ಆದರೆ ಮೇದೋಜೀರಕ ಗ್ರಂಥಿ ಎಷ್ಟು ಬೆಂದಿತ್ತೆಂದರೆ ಸಕ್ಕರೆ ಕಾಯಿಲೆ ನಿಂತೇಬಿಟ್ಟಿತು. ಇನ್ನು ಜೀವನವಿಡೀ ದಿನಕ್ಕೆರಡು ಸಲ ಇನ್ಸುಲಿನ್. ವರದಿ ಸರಿಯಾಗಿದ್ದಿದ್ದರೆ, ನಡುವೆ ನೋವು ಬಂದಾಗಲೇ ಪ್ಲಾಸ್ಮಾ ಏರಿಸಿದ್ದರೆ ಇದು ತಪ್ಪುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ತಪ್ಪುತ್ತಿತ್ತೇನೋ ಎಂದರು. ಇನ್ನೊಂದು ಮಾತನ್ನೂ ಹೇಳಿದರು: ಇಂಥವರಲ್ಲಿ ಬರೀ ಅನ್ನ, ಗಂಜಿ, ಬೆಲ್ಲದಿಂದಲೂ ಪಿತ್ತಜನಕಾಂಗ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ, ಎಣ್ಣೆ ಮುಟ್ಟದಿದ್ದರೂ ರಕ್ತ ಬೆಳ್ಳಗಾಗಬಹುದು. ಇದು ನಮ್ಮಿಬ್ಬರ ಪುಸ್ತಕಗಳಲ್ಲೂ ಇತ್ತು.

ಐದನೆಯ ದಿನ ವಾರ್ಡಿಗೆ ಹೋಗಿ ಅವಳ ಮಂಚದ ಪಕ್ಕ ಕೂತೆ. ತಪ್ಪು ನನ್ನದು ಎಂದು ಹೇಳಲೇಬೇಕಿತ್ತು. ಹಾಲು, ಮೊಲ, ಕಾಗದ ಎಲ್ಲ ವಿವರಿಸಿದೆ. ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು. ಕ್ಷಮಿಸು ಎಂದೆ.

"ಅದು ಬಿಡಿ. ಅದೆಲ್ಲ ನಂಗೆ ಸಮಜ್ ಆಗುದಿಲ್ಲ," ಎಂದಳು. "ಒಂದು ಹೇಳಿ. ನಾನು ಕದ್ದು ತಿಂತಿದ್ದೆ ಅಂತ ನಿಮಗೆ ಈಗಲೂ ಉಂಟಾ?"

ಅವಳು ತಿಂದಿರಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಯಾವ ಗೆರೆಯೂ ಇರಲಿಲ್ಲ. ತಿಂದಿದ್ದಳು ಎನ್ನುವುದಕ್ಕೂ ಯಾವತ್ತೂ ಇರಲಿಲ್ಲ, ಆದರೂ ಅಂದಿದ್ದೆ.

"ಇಲ್ಲ. ನೀನು ತಿಂದಿಲ್ಲ," ಎಂದೆ.

"ಪಕ್ಕಾ?"

"ಪಕ್ಕಾ."

"ನಂಗೆ ಹೇಳಿದ್ರೆ ಆಯ್ತಾ? ಅಮ್ಮನಿಗೆ ಹೇಳಿ. ಅಮ್ಮ ನಿಮ್ಮನ್ನು ನಂಬಿದ್ದು." ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ತಾಯಿ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಹೇಳಿದೆ: ನಿಮ್ಮ ಮಗಳು ಸುಳ್ಳು ಹೇಳಿರಲಿಲ್ಲಮ್ಮ, ಗಂಜಿ ಕುಡಿದರೂ ಹಾಗೆ ಆಗುತ್ತಂತೆ, ನಾನು ಅವತ್ತು ಹಾಗೆ ಅಂದದ್ದು ತಪ್ಪು. ಅವರು ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು.

"ದಿನಾ ಮೂಸ್ತಿದ್ದೆ ನಾನು," ಎಂದರು.

ನನಗೆ ಅರ್ಥವಾಗಲಿಲ್ಲ.

"ನೀವು ಅವತ್ತು ಹೇಳಿದ ಮೇಲೆ. ದಿನಾ ಕೆಲಸದಿಂದ ಬಂದ ಕೂಡ್ಲೆ ಬಾಗಿಲಲ್ಲೇ ನಿಲ್ಸಿ, ಬಾಯಿ ತೆರಿ ಹೇಳಿ ಮೂಸ್ತಿದ್ದೆ. ಬೆರಳು ಮೂಸ್ತಿದ್ದೆ. ಇವ್ರು ಹೋಟ್ಲಿಂದ ಬಂದ್ರೆ ಮನೆಯೆಲ್ಲ ತುಪ್ಪದ್ದೇ ವಾಸನೆ, ನಂಗೆ ಅವಳದ್ದೇ ಹೇಳಿ ಕಾಣ್ತಿತ್ತು. ಎರಡು ಸಲ ಹೊಡ್ದೆ. ಇಪ್ಪತ್ತು ವರ್ಷದ ಹುಡುಗಿ ಮಾರಾಯ್ರೆ, ಚಾಳಿನವರೆಲ್ಲ ನೋಡ್ತಿದ್ರು, ಬಾಯಿ ತೆರೆದು ನಿಲ್ತಿತ್ತು."

ಅವರು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಫ್ಲಾಸ್ಕನ್ನು ಬೆಂಚಿನ ಮೇಲೆಯೇ ಬಿಟ್ಟು ಒಳಗೆ ಹೋದರು. ನಾನು ಹಿಂದೆ ಹೋಗಲಿಲ್ಲ.